ಕೆಂಪು ದಾರದ ಹೇಟೆ

ಕೌಹು
8 ಫೆಬ್ರವರಿ 1979

ಅಮ್ಮನಿಗೆ,

ಹೊಸವರ್ಷದ ಎರಡನೆಯ ದಿನ ತವರಿಗೆ ಬರಲಿಲ್ಲವೆಂದು ನೀನು ಮುನಿಸಿಕೊಂಡಿಲ್ಲ ತಾನೆ? ಯಿಂಗ್‌ಗೆ ನೆಗಡಿಯಾಗಿತ್ತು. ಎಳೆಗೂಸನ್ನು ಬೆನ್ನಿಗೆ ಕಟ್ಟಿಕೊಂಡು, ಈ ಗಾಳಿಯಲ್ಲಿ ಮೂರು ಬಸ್ಸು ಬದಲಿಸಿ ಬರುವ ಧೈರ್ಯ ನನಗಾಗಲಿಲ್ಲ. ಈಗ ನೆಗಡಿ ಇಳಿದಿದೆ. ಆದರೆ ಮಲಗಿದಾಗ ಮೂಗಿನಿಂದ ಸಣ್ಣ ಸೀಟಿಯಂಥ ಸದ್ದು ಬರುತ್ತದೆ. ಸದ್ದು ಬಂದರೆ ಯಾಕೆ ಬಂತು ಎಂದು ಏಳುತ್ತೇನೆ, ನಿಂತರೆ ಯಾಕೆ ನಿಂತಿತು ಎಂದು ಏಳುತ್ತೇನೆ. ನಮ್ಮನ್ನೆಲ್ಲ ಸಾಕುವಾಗ ನೀನು ಯಾವಾಗ ಮಲಗುತ್ತಿದ್ದೆ? ಕಾಲೇಜಿನಲ್ಲಿ ಮಕ್ಕಳ ಮನಶ್ಶಾಸ್ತ್ರಕ್ಕೆ ಒಳ್ಳೆಯ ಅಂಕ ಬಂದಿತ್ತು ನನಗೆ. ಆ ಪುಸ್ತಕದಲ್ಲಿ ಈ ಸೀಟಿಯ ವಿಷಯ ಎಲ್ಲಿಯೂ ಇರಲಿಲ್ಲ.

ಇಲ್ಲಿ ಒಂದು ವಿಶೇಷ. ಅತ್ತೆಯವರು ಕೋಳಿಗೆ ಮನೆ ಕಟ್ಟಿಸುತ್ತಿದ್ದಾರೆ. ಕಟ್ಟಿಸುವುದೇನು, ನಾವಿಬ್ಬರೇ ಕಟ್ಟುತ್ತಿದ್ದೇವೆ. ಇಷ್ಟು ವರ್ಷ ಇವರ ಕೋಳಿಗಳು ಸಿಂಪಿ ಚಿಪ್ಪಿನ ರಾಶಿ, ಮೀನುಕೊಳದ ಏರಿ ಎಲ್ಲ ಸುತ್ತಿ, ಕತ್ತಲಾದರೆ ಅಡುಗೆಮನೆ ಹಿಂದಿನ ಮರ ಹತ್ತಿ ಮಲಗುತ್ತಿದ್ದವು. ಬಾಣಂತನಕ್ಕೆಂದು ಸಾಕಿದ್ದ ಹಿಂಡು ನನ್ನ ಹೊಟ್ಟೆ ಸೇರಿತು. ಈಗ ಉಳಿದಿರುವುದು ಅವರ ಎರಡು ಕರಿ ಹೇಟೆ ಮತ್ತು ನೀನು ಕೊಟ್ಟ ಜೋಡಿ. ನಾಲ್ಕು ಕೋಳಿಗೆ ಇಷ್ಟು ಭದ್ರವಾದ ಮನೆ ಯಾಕೆಂದು ಕೇಳಿದೆ.

"ಗಾಳಿ," ಅಂದರು.

"ಗಾಳಿ ಪ್ರತಿ ವರ್ಷ ಇರತ್ತಲ್ಲ ಅತ್ತೆ."

"ಈ ವರ್ಷ ಜಾಸ್ತಿ. ಆ ಬಿದಿರು ಹಿಡ್ಕೋ."

ಸಿಂಪಿ ಬೆಳೆಸುವ ಚಪ್ಪರದಿಂದ ಕಿತ್ತ ಹಳೆಯ ಬಿದಿರು, ತಗಡಿನ ಸೂರು, ಸೂರು ಹಾರದ ಹಾಗೆ ಮೇಲೆ ಹಳೆಯ ಟೈರು. ಎರಡು ಬದಿಗೆ ಮನೆಯ ಗೋಡೆ, ಮಿಕ್ಕ ಕಡೆ ತಂತಿ ಜಾಲರಿ. ಆ ಜಾಲರಿ ಮಣ್ಣಿನೊಳಗೆ ಒಂದು ಮೊಳ ಇಳಿಯಲೇಬೇಕೆಂದು ಹಟ ಹಿಡಿದು, ತಾವೇ ಕೂತು ಅಗೆದರು. ಗಾಳಿ ನೆಲದೊಳಗಿನಿಂದ ಬರುತ್ತದೆಯೇ ಅಮ್ಮ?

ಮೊಟ್ಟೆ ಇಡುವ ಪೆಟ್ಟಿಗೆ ನನ್ನ ಪಾಲಿನ ಕೆಲಸ. ರೈತರ ಸಂಘದ ಪುಸ್ತಿಕೆಯಲ್ಲಿ ಚಿತ್ರವಿತ್ತು. ಮೀನಿನ ಮಂಡಿಯ ಮರದ ಪೆಟ್ಟಿಗೆ ನಾಲ್ಕನ್ನು ತೊಳೆದು, ಒಣಗಿಸಿ, ಭತ್ತದ ಹುಲ್ಲು ಹಾಸಿ, ಇಲಿ ಹಾವು ಮುಟ್ಟದಿರಲೆಂದು ಸೂರಿನ ಹತ್ತಿರಕ್ಕೆ ಕಟ್ಟಿದೆ. ಮಲಗಲು ಕೂರುವ ಅಡ್ಡಗೋಲನ್ನು ತಗ್ಗಿನಲ್ಲಿಟ್ಟೆ, ಹಾರುವ ಕಷ್ಟ ಬೇಡವೆಂದು. ನಾಲ್ಕು ಕೋಳಿಯೂ ಪೆಟ್ಟಿಗೆಯಲ್ಲೇ ಮಲಗಿ, ಹುಲ್ಲಿನ ತುಂಬ ಹಿಕ್ಕೆ ಹಾಕುತ್ತವೆ. ಕರಿಯವು ಬೆಳಿಗ್ಗೆ ಎದ್ದು ಹೊರಗೆ ಚಿಪ್ಪಿನ ರಾಶಿಯಲ್ಲಿ ಮೊಟ್ಟೆ ಇಡುತ್ತವೆ. ನಮ್ಮ ಹೇಟೆಯಂತೂ ಎಲ್ಲಿಯೂ ಇಡುತ್ತಿಲ್ಲ. ನಾನು ಬಸುರಿಯಾಗಿದ್ದಾಗ ಎಷ್ಟು ಚೆನ್ನಾಗಿ ಇಡುತ್ತಿದ್ದಳು.

ಇನ್ನೊಂದು ಕೇಳಬೇಕು. ಮದುವೆಯಾಗಿ ಮೊದಲ ಸಲ ತವರಿಗೆ ಬಂದು ಹೊರಟಾಗ ನೀನು ಆ ಜೋಡಿಯ ಕಾಲಿಗೆ ಕೆಂಪು ದಾರ ಕಟ್ಟಿ ನನ್ನ ಕೈಗಿತ್ತೆಯಲ್ಲ, "ದಾರಿ ತೋರೋ ಕೋಳಿ ಇವು, ಕೊಯ್ಯಬಾರದು, ಮಾರಬಾರದು, ಇವು ಇರೋ ತನಕ ನೀನು ಎರಡೂ ಮನೆ ದಾರಿ ಮರೆಯಲ್ಲ" ಅಂದು. ಎರಡಕ್ಕೂ ಒಂದೇ ಉಂಡೆಯ ದಾರ ತಾನೆ? ಈಗ ಹುಂಜದ ದಾರ ಮಾಸಿ ಮಣ್ಣಿನ ಬಣ್ಣವಾಗಿದೆ. ಹೇಟೆಯದು ನಿನ್ನೆ ಕಟ್ಟಿದ ಹಾಗೆ ಹೊಳೆಯುತ್ತಿದೆ. ಯಾಕಿರಬಹುದು?

ನಿನ್ನ ಅಳಿಯ ಝೊಂಗ್‌ಯಾವ್ ಕಿನ್‌ಮೆನ್ ದ್ವೀಪದಿಂದ ಬರೆದಿದ್ದಾರೆ. ಅಲ್ಲಿ ಪಹರೆಗೆ ನಿಂತವರಿಗೆ ನಮ್ಮ ತೈವಾನಿನ ಗಾಳಿ ಬರೀ ಬೀಸಣಿಗೆಯ ಹಾಗಂತೆ. ಸೈನ್ಯದ ಕಡ್ಡಾಯ ಚಾಕರಿ ಮುಗಿಯಲು ಇನ್ನೂ ಒಂದು ವರ್ಷವಿದೆ.

ನಿನ್ನ
ಸೂ-ಲಿಯೆನ್


ಲೂಕು
17 ಫೆಬ್ರವರಿ 1979

ಸೂ-ಲಿಯೆನ್,

ನಿನ್ನ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಮೀನಿನ ಪೆಟ್ಟಿಗೆಯನ್ನು ಸೂರಿಗೆ ಕಟ್ಟಿದ್ದು ಕೇಳಿ, ಕುಡಿಯುತ್ತಿದ್ದ ಚಹಾ ನೆತ್ತಿಗೇರಿ ಕೆಮ್ಮಿ ಕೆಮ್ಮಿ ನಕ್ಕರು. "ಇಷ್ಟು ಓದಿಸಿದ್ದಕ್ಕೆ ಕೋಳಿಗೆ ಮಹಡಿ ಮನೆ ಕಟ್ಟಿದಾಳೆ" ಅಂದರು.

ಕೋಳಿಗೆ ಎಲ್ಲಕ್ಕಿಂತ ಎತ್ತರದ ಜಾಗ ಮಲಗಲು ಬೇಕು. ಮೊಟ್ಟೆ ಇಡಲು ತಗ್ಗು ಬೇಕು, ಕತ್ತಲು ಬೇಕು, ಬೆನ್ನ ಹಿಂದೆ ಗೋಡೆ ಬೇಕು. ನೀನು ಎರಡನ್ನೂ ತಿರುವುಮುರುವು ಮಾಡಿದ್ದೀಯ. ಅಡ್ಡಗೋಲನ್ನು ಮೇಲೆ ಏರಿಸು, ಪೆಟ್ಟಿಗೆಯನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸು. ಬಾಗಿಲಿನ ಬೆಳಕು ಪೆಟ್ಟಿಗೆಯ ಬಾಯಿಗೆ ಬೀಳಬಾರದು. ಗೋಣಿಯ ತುಂಡೊಂದನ್ನು ಪರದೆಯ ಹಾಗೆ ಇಳಿಬಿಡು. ಒಳಗೆ ಮೊಟ್ಟೆಯಂಥದ್ದು ಏನಾದರೂ ಬೆಳ್ಳಗೆ ದುಂಡಗೆ ಇಡು. ಯಾರೋ ಆಗಲೇ ಇಟ್ಟಿದ್ದಾರೆ, ಜಾಗ ಒಳ್ಳೆಯದೇ ಇರಬೇಕು ಎಂದುಕೊಳ್ಳುತ್ತವೆ. ಸಿಂಪಿ ಚಿಪ್ಪನ್ನು ಕುಟ್ಟಿ ಕಾಳಿನ ಜೊತೆ ಹಾಕು, ಮೊಟ್ಟೆಯ ಸಿಪ್ಪೆ ಗಟ್ಟಿಯಾಗುತ್ತದೆ. ನಿಮ್ಮೂರಿನಲ್ಲಿ ಅದಕ್ಕೇನು ಬರ.

ಎಲ್ಲಕ್ಕಿಂತ ಮುಖ್ಯ, ನೋಡಬೇಡ. ನೀನು ಗಳಿಗೆಗೊಮ್ಮೆ ಗೋಣಿ ಎತ್ತಿ ಇಣುಕಿದರೆ ಬರುವ ಮೊಟ್ಟೆಯೂ ಒಳಗೇ ನಿಲ್ಲುತ್ತದೆ. ಮಗುವಿಗೂ ಅದೇ ಮಾತು. ಅದರ ಮುಖದ ಮೇಲೆ ದೀಪ ಹಿಡಿದು ಕೂತಿರುತ್ತೀಯ ಎಂದು ಇಲ್ಲಿಂದಲೇ ಕಾಣುತ್ತದೆ ನನಗೆ. ನೆಗಡಿ ಹೋದ ಮಗುವಿನ ಮೂಗು ಸೀಟಿ ಹೊಡೆಯದೆ ಓಲಗ ಊದುತ್ತದೆಯೇ?

ಬೀಗಿತ್ತಿಯ ಕೈ ಪೂರ್ತಿ ವಾಸಿಯಾಯಿತೇ? ಬಿದಿರು ಎಳೆಯುವುದು, ಮಣ್ಣು ಅಗೆಯುವುದು ಅವರಿಗೆ ಬಿಡಬೇಡ, ನೀನೇ ಮಾಡು.

ನನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರ ಓದಲು ಬಂತು ತಾನೆ.

ಅಮ್ಮ


ಕೌಹು
27 ಫೆಬ್ರವರಿ 1979

ಅಮ್ಮನಿಗೆ,

ನೀನು ಹೇಳಿದ ಹಾಗೆ ಮಾಡಿದೆ. ಅಡ್ಡಗೋಲು ಮೇಲೆ, ಪೆಟ್ಟಿಗೆ ಕೆಳಗೆ. ಝೊಂಗ್‌ಯಾವ್ ಶಾಲೆಯಲ್ಲಿ ಆಡುತ್ತಿದ್ದ ಪಿಂಗ್‌ಪಾಂಗ್ ಚೆಂಡು ಹುಡುಕಿ ಒಂದೊಂದು ಪೆಟ್ಟಿಗೆಗೂ ಒಂದೊಂದು ಇಟ್ಟೆ. ಮಾರನೆಯ ಬೆಳಿಗ್ಗೆ ಚೆಂಡಿನ ಪಕ್ಕದಲ್ಲಿ ಬೆಚ್ಚಗಿನ ಮೊಟ್ಟೆ. ನನಗೆ ಕಾಲೇಜಿನ ಫಲಿತಾಂಶ ಬಂದಾಗಲೂ ಇಷ್ಟು ಸಂತೋಷವಾಗಿರಲಿಲ್ಲ.

ಆದರೆ ನಾಲ್ಕು ಪೆಟ್ಟಿಗೆ ಇದ್ದರೂ ಎರಡು ಕರಿಯವಕ್ಕೂ ಎಡಗಡೆಯ ಕೊನೆಯದೇ ಬೇಕು. ಒಂದು ಒಳಗಿದ್ದರೆ ಇನ್ನೊಂದು ಹೊರಗೆ ನಿಂತು ಬೈಯುತ್ತದೆ, ಮಿಕ್ಕ ಮೂರು ಖಾಲಿ. ಯಾಕೆ ಹೀಗೆ? ನಾಲ್ಕೂ ಒಂದೇ ಮಂಡಿಯವು, ಹುಲ್ಲೂ ಒಂದೇ. ಅತ್ತೆಯವರನ್ನು ಕೇಳಿದರೆ, "ಸರದಿ ನಿಂತು ಸಿಕ್ಕಿದ್ದೇ ರುಚಿ" ಅಂದರು. ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಕ್ಕೆ. ಆಮೇಲೆ ನಗಬಾರದಿತ್ತು ಅನ್ನಿಸಿತು.

ಯಾಕೆ ಅಂತ ಹೇಳುತ್ತೇನೆ. ನಮ್ಮ ಹೇಟೆ ನಮ್ಮ ಹೇಟೆಯಲ್ಲ ಅಮ್ಮ.

ನಿದ್ದೆಗೆಟ್ಟವಳ ಮಾತು ಎನ್ನಬೇಡ. ನಮ್ಮವಳು ನಾನು ಅನ್ನದ ಬಟ್ಟಲು ತಟ್ಟಿದರೆ ಹೊಸಿಲಿಗೆ ಓಡಿ ಬರುತ್ತಿದ್ದಳು, ಕೈಯಿಂದ ತಿನ್ನುತ್ತಿದ್ದಳು. ಇವಳು ಬಟ್ಟಲಿನ ಸದ್ದಿಗೆ ಬೆದರುತ್ತಾಳೆ. ನಮ್ಮವಳ ಜುಟ್ಟು ಎಡಕ್ಕೆ ಬಾಗಿತ್ತು, ಇವಳದು ನೆಟ್ಟಗಿದೆ. ಜುಟ್ಟು ಹೆರಿಗೆಯಾದವರ ಮನೆಯಲ್ಲಿ ನೆಟ್ಟಗಾಗುತ್ತದೆಯೇ? ನಾನು ಬಾಣಂತಿ ಕೋಣೆಯಿಂದ ಹೊರಬಂದ ಹೊಸದರಲ್ಲಿ ಹುಂಜ ಇವಳನ್ನು ಕುಕ್ಕಿ ಕುಕ್ಕಿ ಅಂಗಳದಿಂದ ಓಡಿಸುತ್ತಿತ್ತು. ಒಂದು ವರ್ಷ ಜೊತೆಗಿದ್ದವಳನ್ನು ಯಾರಾದರೂ ಹಾಗೆ ಓಡಿಸುತ್ತಾರೆಯೇ? ಬಣ್ಣ ಮಾತ್ರ ಅದೇ, ಹುರಿದ ಎಳ್ಳಿನ ಬಣ್ಣ.

ದಾರದ ವಿಷಯ ಕೇಳಿದೆ.

"ಹಳೇದು ಕೊಳೆಯಾಗಿತ್ತು, ಬದಲಾಯಿಸ್ದೆ."

"ಹುಂಜದ್ದೂ ಕೊಳೆಯಾಗಿದೆಯಲ್ಲ?"

"ಅವನು ಗಂಡಸು. ಕೊಳೆ ಕಾಣಲ್ಲ," ಅಂದು ಸಿಂಪಿ ಬಿಡಿಸುವ ಚಾಕು ತೆಗೆದುಕೊಂಡು ಎದ್ದು ಹೋದರು.

ಅವರ ಕೈ ವಾಸಿಯಾಗಿದೆ. ಬಲಗೈ ಬೆರಳ ಬುಡದಲ್ಲಿ ಕಲೆ ಉಳಿದಿದೆ. ಬಾಣಂತನದ ಹೊತ್ತಿನಲ್ಲಿ ಸಿಂಪಿ ಚಾಕು ತಗುಲಿತೆಂದರು. ಅದನ್ನು ನಿನಗೆ ಯಾವಾಗ ಬರೆದಿದ್ದೆನೋ ನೆನಪಿಲ್ಲ. ಈಚೆಗೆ ಏನು ಬರೆದೆ, ಏನು ಬರೆಯಬೇಕೆಂದುಕೊಂಡೆ ಎಲ್ಲ ಕಲಸಿಹೋಗಿದೆ.

"ರಾತ್ರಿ ಮಗೂನ ನನ್ ಹತ್ರ ಮಲಗಿಸು, ನೀನು ಒಂದ್ ನಿದ್ದೆ ತೆಗಿ" ಎಂದು ದಿನಾ ಹೇಳುತ್ತಾರೆ. ಬೇಡ ಎನ್ನುತ್ತೇನೆ. ಒಂದು ಕೋಳಿಯ ವಿಷಯದಲ್ಲಿ ನಿಜ ಹೇಳದವರ ಹತ್ತಿರ ಮಗುವನ್ನು ಬಿಟ್ಟು ಕಣ್ಣು ಮುಚ್ಚುವುದು ಹೇಗೆ? ನೀನೇ ಹೇಳು.

ಸೂ-ಲಿಯೆನ್


ಲೂಕು
7 ಮಾರ್ಚ್ 1979

ಸೂ-ಲಿಯೆನ್,

ಎಡಗಡೆಯ ಪೆಟ್ಟಿಗೆ ಯಾಕೆ ಎಂದು ಕೇಳಿದ್ದೀಯ. ನನಗೂ ಗೊತ್ತಿಲ್ಲ. ಮದುವೆಯಾದಾಗಿನಿಂದ ಕೋಳಿ ಸಾಕಿದ್ದೇನೆ, ಇವತ್ತಿಗೂ ಅವು ಆರಿಸುವ ಜಾಗ ನೋಡಿ ಬೆರಗಾಗುತ್ತದೆ. ಹೊಸ ಬುಟ್ಟಿ ಕೊಟ್ಟರೆ ಮೂಸಿಯೂ ನೋಡುವುದಿಲ್ಲ, ಎಲ್ಲೋ ಬಿಸಾಡಿದ ಹರಕು ವಸ್ತುವನ್ನು ಅರಮನೆ ಮಾಡಿಕೊಳ್ಳುತ್ತವೆ. ಖಾಲಿ ಪೆಟ್ಟಿಗೆಗಳನ್ನು ತೆಗೆಯಬೇಡ. ಎಲ್ಲರಿಗೂ ಬೇಡವಾದದ್ದು ಒಬ್ಬಳಿಗೆ ಬೇಕಾಗುತ್ತದೆ.

ಇನ್ನು ನಿನ್ನ ಹೇಟೆ. ಚಳಿಗಾಲಕ್ಕೆ ಗರಿ ಉದುರಿಸಿ ಹೊಸದು ಬಂದರೆ ಕೋಳಿಯ ಚಹರೆ ಬದಲಾಗುತ್ತದೆ. ನೀನು ಒಂದು ತಿಂಗಳು ಕೋಣೆಯೊಳಗಿದ್ದೆ, ಅದು ನಿನ್ನನ್ನು ಮರೆತಿರಬಹುದು. ಕೋಳಿಯ ತಲೆ ಎಷ್ಟು ದೊಡ್ಡದಿದೆ, ನೆನಪಿಟ್ಟುಕೊಳ್ಳಲು? ಸುಮ್ಮನೆ ಅದರ ಬೆನ್ನು ಹತ್ತಬೇಡ.

ಒಂದು ರಾತ್ರಿ, ಒಂದೇ ಒಂದು ರಾತ್ರಿ ಮಗುವನ್ನು ಬೀಗಿತ್ತಿಯ ಹತ್ತಿರ ಬಿಡು. ಅವರು ನಿನ್ನ ಗಂಡನನ್ನು ಸಾಕಿದವರು. ಅವನಿಗೆ ಕೈಕಾಲು ಸರಿಯಾಗಿಯೇ ಇದೆಯಲ್ಲ.

ಚಹಾ ಗಿಡ ಚಿಗುರುತ್ತಿದೆ. ಏಪ್ರಿಲ್ ಮೊದಲಿಗೇ ಕೀಳಬೇಕಾಗಬಹುದು ಎನ್ನುತ್ತಾರೆ ಅಪ್ಪ.

ಅಮ್ಮ


ಕೌಹು
15 ಮಾರ್ಚ್ 1979

ಅಮ್ಮ,

ಗರಿ ಉದುರಿದರೆ ಜುಟ್ಟು ನೆಟ್ಟಗಾಗುವುದಿಲ್ಲ. ಅಷ್ಟು ನನಗೂ ಗೊತ್ತು, ನಿನಗೂ ಗೊತ್ತು. ನೀನು ಯಾವಾಗಲೂ ನನ್ನ ಪ್ರಶ್ನೆಗೆ ಉತ್ತರ ಕೊಡುವವಳು. ಈ ಸಲ ಮಗುವಿಗೆ ಹೇಳುವ ಹಾಗೆ ಹೇಳಿದ್ದೀಯ.

ಪಕ್ಕದ ಮನೆಯ ಆ-ಬಾನ್ ಅತ್ತಿಗೆ ನಿನ್ನೆ ಸಿಂಪಿ ಬಿಡಿಸಲು ಬಂದಿದ್ದಳು. ಗೂಡನ್ನು ನೋಡಿ, "ಈಗ ಅರಮನೆ ಕಟ್ಟಿ ಏನು ಬಂತು? ನಿನ್ನ ಬಾಣಂತನದಲ್ಲಿ ನಿಮ್ಮತ್ತೆ ಒಂದು ಕೋಳೀನಾದ್ರೂ ಉಳಿಸಿದ್ರಾ? ಒಂದಿನ ಬೆಳಿಗ್ಗೆ ಅಂಗಳ ತುಂಬ ಕಂದು ಗರಿ ಕಣೇ" ಅಂದಳು. ಅತ್ತೆ ಕೆಮ್ಮಿದರು. ಅವಳು ಮಾತು ತಿರುಗಿಸಿದಳು.

ಕಂದು ಗರಿ. ಇವರು ಬಾಣಂತನಕ್ಕೆಂದು ಸಾಕಿದ್ದವು ಅಷ್ಟೂ ಕರಿಯವು ಅಮ್ಮ. ಕಂದು ಇದ್ದದ್ದು ನಮ್ಮದೊಂದೇ.

ಆಗ ಎಲ್ಲ ಕೂಡಿಬಂತು. ನಾನು ಕೋಣೆಯಲ್ಲಿದ್ದಾಗ ಒಂದು ದಿನ ಅತ್ತೆ ಬೆಳಿಗ್ಗೆಯೇ ಹೊರಟು, ಎಲ್ಲೋ ಗುಡಿಗೆ ಹರಕೆ ಎಂದು ಹೇಳಿ ಕತ್ತಲಾದ ಮೇಲೆ ಬಂದಿದ್ದರು. ಬಾಣಂತನಕ್ಕೆ ಕೋಳಿ ಸಾಲದೆ ನನ್ನದನ್ನೇ ಕೊಯ್ದು, ಎಳ್ಳೆಣ್ಣೆ, ಶುಂಠಿ, ಅಕ್ಕಿ ಸಾರಾಯಿ ಹಾಕಿ ಬೇಯಿಸಿ ನನಗೇ ತಿನ್ನಿಸಿದರು. ಆಮೇಲೆ ಹೆದರಿ, ಪೇಟೆಗೆ ಹೋಗಿ ಅದೇ ಬಣ್ಣದ ಒಂದನ್ನು ಕೊಂಡು ತಂದು, ಹೊಸ ದಾರ ಕಟ್ಟಿ ಬಿಟ್ಟರು. ಆ ಸಾರನ್ನು ನಾನು ಬಟ್ಟಲು ಒರೆಸಿ ಕುಡಿದೆ.

ಇದನ್ನೆಲ್ಲ ನಾನು ನಂಬುವುದಿಲ್ಲ, ನಿನಗೆ ಗೊತ್ತು. ದಾರಿ ತೋರುವ ಕೋಳಿಯನ್ನು ತಿಂದರೆ ಮದುವೆ ಮುರಿಯುತ್ತದೆ ಎಂದು ಯಾವ ಪುಸ್ತಕದಲ್ಲಿದೆ? ಆದರೂ ಝೊಂಗ್‌ಯಾವ್ ಅವರಿಂದ ಈಚೆಗೆ ಕಾಗದವಿಲ್ಲ. ತವರಿನಿಂದ ಜೋಡಿಯನ್ನು ತಂದ ದಿನ, ಮೊದಲ ಮಗು ಗಂಡೋ ಹೆಣ್ಣೋ ನೋಡಲು ಮಂಚದ ಕೆಳಗೆ ಬಿಟ್ಟಾಗ, ಮೊದಲು ಹೊರಬಂದದ್ದು ಹೇಟೆ. "ಹೆಣ್ಣುಮಗು" ಎಂದು ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ನಾನು ನೋಡಿದ್ದೆ. ಹೆಣ್ಣುಮಗುವೇ ಹುಟ್ಟಿತು. ಆ ಹೇಟೆಯ ಮೇಲೆ ಅವರಿಗೆ ಸಿಟ್ಟಿತ್ತೇ? ಮಗುವಿನ ಮೇಲೂ ಇದೆಯೇ? ಕೇಳಲು ಬಾಯಿ ಬರುವುದಿಲ್ಲ. ಕೇಳದೆ ನಿದ್ದೆ ಬರುವುದಿಲ್ಲ.

ನಾನು ತೀರ್ಮಾನಿಸಿದ್ದೇನೆ. ಚಹಾ ಕೀಳುವ ಹೊತ್ತಿಗೆ ಯಿಂಗ್‌ಳನ್ನು ಕಟ್ಟಿಕೊಂಡು ಬರುತ್ತೇನೆ. ತವರಿಗೆ ಕೈ ಬೇಕಾಗಿದೆ ಎಂದರೆ ಯಾರೂ ಬೇಡ ಎನ್ನುವುದಿಲ್ಲ. ಆಮೇಲೆ, ನಿನ್ನ ಅಳಿಯನ ಚಾಕರಿ ಮುಗಿಯುವ ತನಕ ಅಲ್ಲೇ ಇರುತ್ತೇನೆ. ಚೀಲ ಕಟ್ಟಿಟ್ಟಿದ್ದೇನೆ.

ಆ ಕೋಳಿ ಇನ್ನೂ ಒಂದು ಮೊಟ್ಟೆ ಇಟ್ಟಿಲ್ಲ. ಒಂದೊಂದು ಪೆಟ್ಟಿಗೆಯನ್ನೂ ಹೊಕ್ಕು, ಕೆದರಿ, ಸುತ್ತಿ, ಹೊರಬಂದು ನಿಲ್ಲುತ್ತದೆ. ಏನೋ ಹುಡುಕುವ ಹಾಗೆ. ಅದರ ಮೇಲೆ ಸಿಟ್ಟು ಮಾಡೋಣವೆಂದರೆ ಪಾಪ ಎನ್ನಿಸುತ್ತದೆ. ಅದೂ ನನ್ನ ಹಾಗೆ ಹೊರಗಿನಿಂದ ಬಂದದ್ದಲ್ಲವೇ. ಎಲ್ಲಿಂದ ಬಂತೋ, ಅಲ್ಲಿ ಎಂಥ ಗೂಡಿತ್ತೋ.

ಸೂ-ಲಿಯೆನ್


ಲೂಕು
22 ಮಾರ್ಚ್ 1979

ಸೂ-ಲಿಯೆನ್,

ಬರುವುದಾದರೆ ಬಾ. ಇದು ನಿನ್ನ ಮನೆ. ಬಾಗಿಲು ಯಾವತ್ತೂ ತೆರೆದಿದೆ.

ಅದಕ್ಕೆ ಮುಂಚೆ ಒಂದು ಕೆಲಸ ಮಾಡು. ಬಸ್ಸಿನವರ ಕೈಯಲ್ಲಿ ಒಂದು ಗೋಣಿ ಕಳಿಸಿದ್ದೇನೆ, ತಂಗುದಾಣಕ್ಕೆ ಹೋಗಿ ತೆಗೆದುಕೋ. ಅದರಲ್ಲಿರುವುದನ್ನು ಇರುವ ಹಾಗೆಯೇ ಇಡು. ಕೊಡವಬೇಡ, ತೊಳೆಯಬೇಡ, ಹುಲ್ಲು ಬದಲಿಸಬೇಡ. ಕರಿಯವು ಮುಟ್ಟದ ಪೆಟ್ಟಿಗೆಯಲ್ಲಿ, ಬಾಯಿ ಮೇಲಾಗಿ ಇಟ್ಟು ಗೋಣಿ ಇಳಿಬಿಡು. ಆಮೇಲೆ ಬೆನ್ನು ತಿರುಗಿಸಿ ನಿಲ್ಲು.

ಆ ಕೋಳಿ ಅದನ್ನು ಒಲ್ಲದಿದ್ದರೆ ನೀನು ಹೇಳಿದ್ದೆಲ್ಲ ಸರಿ, ಮುಂದಿನ ಬಸ್ಸಿಗೇ ಹತ್ತು. ಒಪ್ಪಿದರೆ, ಹತ್ತುವ ಮುಂಚೆ ಸ್ವಲ್ಪ ಕೂತು ಯೋಚಿಸು. ಓದಿದವಳು ನೀನು.

ಹೆಚ್ಚಿಗೆ ಬರೆಯುವ ಹಾಗಿಲ್ಲ. ಮಾತು ಕೊಟ್ಟವರು ಮಾತು ಉಳಿಸಿಕೊಳ್ಳಬೇಕು.

ಅಮ್ಮ


ಕೌಹು
1 ಏಪ್ರಿಲ್ 1979

ಅಮ್ಮ,

ಗೋಣಿ ಬಂತು. ತಂಗುದಾಣದಲ್ಲಿಯೇ ಬಿಚ್ಚಿದೆ. ಅಪ್ಪನ ಹಳೆಯ ಬಿದಿರಿನ ಟೋಪಿ, ಮಗುಚಿ ಹಾಕಿದ್ದು, ಒಳಗೆ ದೇವದಾರಿನ ಒಣ ಸೂಜಿ ಎಲೆ. ಇದೇನು, ಅಮ್ಮ ಇಷ್ಟು ದೂರಕ್ಕೆ ಕಸ ಕಳಿಸಿದ್ದಾಳೆ ಎಂದುಕೊಂಡೆ. ಆಮೇಲೆ ಬೆಳಕಿಗೆ ಹಿಡಿದು ನೋಡಿದೆ. ಎಲೆಯ ಮಧ್ಯದಲ್ಲಿ ಒಂದು ಗುಳಿ, ಕೋಳಿಯೊಂದು ದಿನವೂ ಕೂತು ಕೂತು ಎದೆಯಿಂದ ಒತ್ತಿ ಮಾಡಿದ ಗುಳಿ. ಬಿದಿರಿನ ಸೀಳಿಗೆ ಸಿಕ್ಕಿದ್ದ ಒಂದು ಗರಿ. ಹುರಿದ ಎಳ್ಳಿನ ಬಣ್ಣ.

ಗೂಡಿಗೆ ತಂದೆ. ಕೆಳಗಿಡುವ ಮುಂಚೆಯೇ ಅವಳು ಬಂದಳು ಅಮ್ಮ. ನನ್ನನ್ನು ಕಂಡರೆ ಓಡುವವಳು ನನ್ನ ಕಾಲ ನಡುವೆ ನುಗ್ಗಿ, ಟೋಪಿಯೊಳಗೆ ಹತ್ತಿ, ಒಂದು ಸುತ್ತು ಸುತ್ತಿ, ಎದೆ ಊರಿ ಕೂತುಬಿಟ್ಟಳು. ಆ ಗುಳಿ ಅವಳ ಎದೆಗೇ ಹೊಲಿಸಿದ ಹಾಗಿತ್ತು. ನಾನು ಬೆನ್ನು ತಿರುಗಿಸಿ ನಿಂತೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಅವಳು ಕೂಗಿದಾಗ ತಿರುಗಿದರೆ, ಮೊಟ್ಟೆ.

ಪೇಟೆಯಲ್ಲಿ ಕೊಂಡ ಕೋಳಿಗೆ ನಮ್ಮಪ್ಪನ ಟೋಪಿಯ ಗುರುತು ಎಲ್ಲಿಂದ ಬರಬೇಕು? ನನ್ನ ಕಾಲದಲ್ಲಿ ನಮ್ಮ ಕೋಳಿಗಳು ಇದ್ದಿಲಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದವು. ಟೋಪಿ ಆಮೇಲಿನದು. ಹಾಗಾದರೆ ಇವಳು ನನ್ನ ಮದುವೆಯ ನಂತರವೂ ನಿನ್ನ ಅಂಗಳದಲ್ಲೇ ಇದ್ದವಳು. ನಮ್ಮವಳ ಜೊತೆ ಒಂದೇ ಕಾವಿನಲ್ಲಿ ಒಡೆದವಳೇ ಇರಬೇಕು. ಅಂದರೆ ಯಾರೋ ಅಲ್ಲಿಗೆ ಬಂದು ಒಯ್ದಿದ್ದಾರೆ. ಆಗ ಅತ್ತೆಯವರ ಕೈಗೆ ಕಟ್ಟು ಕಟ್ಟಿತ್ತು, ನೀನು ಕಣ್ಣಾರೆ ನೋಡಿದ್ದೆ. ಕೈ ವಾಸಿಯಾಯಿತೇ ಎಂದು ನೀನು ಕೇಳುವ ಮುಂಚೆ ನಾನು ಯಾವತ್ತೂ ನಿನಗೆ ಕೈಯ ವಿಷಯ ಬರೆದಿರಲಿಲ್ಲ. ನಿದ್ದೆಯಿಲ್ಲದೆ ಮರೆತೆ ಎಂದುಕೊಂಡಿದ್ದೆನಲ್ಲ.

ಮನೆಯೊಳಗೆ ಹೋಗಿ ಕೆಂಪು ದಾರದ ಉಂಡೆ ಹುಡುಕಿದೆ. ಹುಂಜವನ್ನು ಹಿಡಿದು ಹಳೆಯ ದಾರ ಕತ್ತರಿಸಿ ಹೊಸದು ಕಟ್ಟಿದೆ. ಅತ್ತೆ ಹೊಸಿಲಲ್ಲಿ ಕೂತು ಸಿಂಪಿ ಬಿಡಿಸುತ್ತಿದ್ದರು.

"ಅದಕ್ಯಾಕೆ ಹೊಸ ದಾರ?"

"ಅವಳದು ಹೊಸದು, ಇವನದು ಹಳೇದು ಇದ್ರೆ ನೋಡಿದವರಿಗೆ ಗೊತ್ತಾಗಿಬಿಡತ್ತೆ ಅತ್ತೆ."

ಚಾಕು ನಿಂತಿತು.

"ಯಾವಾಗ ಗೊತ್ತಾಯ್ತು?"

"ಟೋಪಿ ಬಂದ ಮೇಲೆ."

"ನಿಮ್ಮಮ್ಮ ಬಾಯಿ ಬಿಡಲ್ಲ ಅಂದಿದ್ರು."

"ಬಿಟ್ಟಿಲ್ಲ. ಟೋಪಿ ಕಳಿಸಿದಾರೆ ಅಷ್ಟೆ."

ಅವರು ಒಂದು ಸಿಂಪಿ ಬಿಡಿಸಿ ಬಟ್ಟಲಿಗೆ ಹಾಕಿ, ಚಿಪ್ಪನ್ನು ಕೈಯಲ್ಲೇ ಹಿಡಿದುಕೊಂಡು ಹೇಳಿದರು. ಕೊಳದ ಕಾವಲಿನ ನಾಯಿ ಬೇಲಿಯ ಕೆಳಗೆ ಮಣ್ಣು ಕೆದರಿ ನುಗ್ಗಿತ್ತಂತೆ. "ಪೊರಕೆ ತಗೊಂಡು ಓಡ್ದೆ. ಬಾಯಿಂದ ಕಿತ್ಕೊಂಡೆ. ಕೋಳಿ ಬಿಟ್ಟು ನನ್ ಕೈ ಹಿಡೀತು."

"ಬದುಕಿತ್ತಾ ಅತ್ತೆ?"

"ಮಧ್ಯಾಹ್ನದ ತನಕ. ನನ್ ಮಡಿಲಲ್ಲೇ ಇತ್ತು." ಚಿಪ್ಪನ್ನು ರಾಶಿಗೆ ಎಸೆದು, "ಅಡುಗೆಮನೆ ಹಿಂದೆ ಮಣ್ಣು ಮಾಡಿದೀನಿ. ಮೇಲೆ ಬೆಳ್ಳುಳ್ಳಿ ಹಾಕಿದೀನಿ, ಯಾರೂ ಅಗೀಬಾರದು ಅಂತ."

"ನಂಗ್ಯಾಕೆ ಹೇಳಲಿಲ್ಲ?"

"ಹಸೀ ಬಾಣಂತಿ ನೀನು. ಅತ್ರೆ ಕಣ್ಣು ಹೋಗತ್ತೆ, ಹಾಲು ಬತ್ತತ್ತೆ. ಹೇಳೋದು ಹೇಗೆ?"

"ಬಾಣಂತನ ಮುಗಿದ ಮೇಲಾದ್ರೂ?"

"ಮುಗಿದ ಮೇಲೆ ನೀನು ನನ್ ಮುಖ ನೋಡೋದನ್ನೇ ಬಿಟ್ಟೆ. ಯಾವ ಮುಖಕ್ಕೆ ಹೇಳ್ಲಿ?"

ಬೇರೆ ಏನೋ ಕೇಳಬೇಕೆಂದು, ಪೇಟೆಯಲ್ಲೇ ಅಂಥ ಕೋಳಿ ಸಿಗುತ್ತಿತ್ತಲ್ಲ, ಗಾಯದ ಕೈಯಲ್ಲಿ ಮೂರು ಬಸ್ಸು ಹತ್ತಿ ಗುಡ್ಡದ ತನಕ ಯಾಕೆ ಹೋದಿರಿ ಎಂದೆ. ಅವರು ನನ್ನನ್ನು ದಡ್ಡಿಯ ಹಾಗೆ ನೋಡಿದರು.

"ಪೇಟೆ ಕೋಳಿಗೆ ನಿನ್ ತವರಿನ ದಾರಿ ಗೊತ್ತಾ?"

ಅಮ್ಮ, ನಾನು ಅಲ್ಲೇ ಅತ್ತುಬಿಟ್ಟೆ. ಬಾಣಂತನ ಮುಗಿದಿದೆಯಲ್ಲ, ಕಣ್ಣು ಹೋಗುವುದಿಲ್ಲ. ಅವರು ಗಾಬರಿಯಾಗಿ, ನನ್ನನ್ನು ನಗಿಸಲೆಂದು ಇನ್ನೂ ಹೇಳಿದರು. ಬಸ್ಸಿನಲ್ಲಿ ಟಿಕೆಟ್ ಕೊಡುವ ಹುಡುಗಿ ಕೋಳಿಯ ಬುಟ್ಟಿ ಹತ್ತಿಸುವುದಿಲ್ಲ ಅಂದಳಂತೆ. "ಇದು ಕೋಳಿ ಅಲ್ಲಮ್ಮ, ಮದುಮಗಳು ಅಂದೆ. ಕೆಂಪು ದಾರ ತೋರ್ಸ್‌ದೆ. ಮುಂದಿನ ಸೀಟೇ ಬಿಟ್ಕೊಟ್ಳು ಪಾಪ." ಆಮೇಲೆ, ಇದನ್ನು ನಾನು ಕೇಳಿರಲಿಲ್ಲ, ತಾವಾಗಿಯೇ ಅಂದರು: "ಅವತ್ತು ಮಂಚದ ಕೆಳಗಿಂದ ಹೇಟೆ ಬಂದಾಗ ನಾನು ನಗಲಿಲ್ಲ ಅಂತ ನೋಡಿದ್ದೆ ನೀನು. ನಂಗೂ ಮೊದಲನೇದು ಹೆಣ್ಣೇ. ಹುಟ್ಟಿ ತಿಂಗಳು ತುಂಬೋಕ್ ಮುಂಚೆ ಹೋಯ್ತು. ಎಲ್ಲರೂ ನಗ್ತಿದ್ರಲ್ಲ, ಅದಕ್ಕೆ ಭಯ ಆಯ್ತು."

ಆ ಮಗುವಿನ ವಿಷಯ ಝೊಂಗ್‌ಯಾವ್ ಅವರಿಗೂ ಗೊತ್ತಿರಲಾರದು. ನನ್ನ ದೀಪ ಉರಿಯುವುದನ್ನು ಅತ್ತೆ ಅಷ್ಟು ದಿನ ಪಕ್ಕದ ಕೋಣೆಯಿಂದ ನೋಡುತ್ತಿದ್ದರು. ಅವರಿಗೂ ನಿದ್ದೆ ಇರಲಿಲ್ಲ.

ಆ ರಾತ್ರಿ ಯಿಂಗ್‌ಳನ್ನು ಎತ್ತಿ ಅವರ ಹಾಸಿಗೆಗೆ ಕೊಟ್ಟೆ. "ಮೂಗು ಸೀಟಿ ಹೊಡೆಯತ್ತೆ" ಅಂದೆ. "ನಂದೂ ಹೊಡೆಯತ್ತೆ. ಇಬ್ರೂ ಸೇರಿ ಹೊಡ್ಕೋತೀವಿ ಹೋಗು" ಅಂದರು. ಮಲಗಿದ್ದು ನೆನಪಿದೆ, ಆಮೇಲೆ ಏನೂ ನೆನಪಿಲ್ಲ.

ಕಟ್ಟಿಟ್ಟ ಚೀಲವನ್ನು ಬಿಚ್ಚಿಲ್ಲ. ಅದಕ್ಕೆ ಅತ್ತೆಯವರ ಒಂದು ಜೊತೆ ಬಟ್ಟೆ ಸೇರಿಸಿದ್ದೇನೆ. ಶನಿವಾರದ ಬಸ್ಸಿಗೆ ಮೂವರೂ ಬರುತ್ತೇವೆ, ಚಹಾ ಕೀಳುವುದು ಮುಗಿದ ಮೇಲೆ ಮೂವರೂ ಹೊರಡುತ್ತೇವೆ. ಆ-ಬಾನ್ ಅತ್ತಿಗೆ ಕೋಳಿಗೆ ಕಾಳು ಹಾಕುತ್ತಾಳಂತೆ. ಅಪ್ಪನಿಗೆ ಒಂದು ಹೊಸ ಟೋಪಿ ತರುತ್ತೇನೆ. ಹಳೆಯದನ್ನು ಕೇಳಿದರೆ ಏನು ಹೇಳಬೇಕೋ ನೀನೇ ನೋಡಿಕೋ, ಬಾಯಿ ಬಿಡದೆ ಹೇಳುವುದು ನಿನಗೆ ಬರುತ್ತದೆ.

ಇನ್ನೊಂದು ಮಾತು ಬರೆದು ಮುಗಿಸುತ್ತೇನೆ. ನಿನ್ನೆ ನನಗೆ ಎಚ್ಚರವಾದಾಗ ಬಿಸಿಲು ಅಂಗಳದ ಆಚೆಯ ಗೋಡೆ ಮುಟ್ಟಿತ್ತು. ಮನೆಯಲ್ಲಿ ಸದ್ದಿಲ್ಲ. ಎದೆ ಧಸಕ್ಕೆಂದು ಬರಿಗಾಲಲ್ಲಿ ಹೊರಗೆ ಓಡಿದೆ. ಅತ್ತೆ ಗೂಡಿನ ಒಳಗೆ, ಪೆಟ್ಟಿಗೆಗಳಿಗೆ ಬೆನ್ನು ಹಾಕಿ, ಗೋಡೆ ನೋಡುತ್ತ ನಿಂತಿದ್ದರು. ನಿನ್ನ ಕಾಗದವನ್ನು ಅವರಿಗೆ ಓದಿ ಹೇಳಿದ್ದೆ, ನೋಡಬಾರದು ಎಂದು ನೀನು ಬರೆದದ್ದನ್ನು. ಅವರ ಬೆನ್ನಿನ ಮೇಲೆ ಯಿಂಗ್ ಬಾಯಿ ತೆರೆದು ಮಲಗಿದ್ದಳು, ಮೂಗು ಸೀಟಿ ಹೊಡೆಯುತ್ತಿತ್ತು. ನನ್ನ ಹೆಜ್ಜೆ ಕೇಳಿ ಅವರು ತಿರುಗಲಿಲ್ಲ, ಬಿಡಿಸಿದ ಕೈಯೊಂದನ್ನು ಹಿಂದಕ್ಕೆ ಚಾಚಿ ನನ್ನನ್ನು ತಡೆದರು.

"ಅಲ್ಲೇ ನಿಲ್ಲು. ನೋಡಬೇಡ," ಎಂದು ಪಿಸುಗುಟ್ಟಿದರು. "ನಿಮ್ಮಮ್ಮನ ಮನೆಯವಳು ಮೊಟ್ಟೆ ಇಡ್ತಿದಾಳೆ."

ನಾನೂ ಅವರ ಪಕ್ಕಕ್ಕೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ನಿಂತೆ.

ಸೂ-ಲಿಯೆನ್